ಪಕ್ಕದಲ್ಲಿ ಖಾಲಿ ಬಿಟ್ಟ ಪಿನ್ನುಗಳು

ಅವನು ತನ್ನ ಎಂಟು ಸಿಗ್ನಲ್ ಲೈನುಗಳನ್ನು ನಿಲ್ಲಿಸಿದರೆ, ವಿದ್ಯುತ್ ಮಿಡಿತ ತೋರಿಸುವ ಸ್ಕೋಪಿನ ಪರದೆಯ ಮೇಲಿನ ಗೆರೆ ತೆಳ್ಳಗಾಗುತ್ತಿತ್ತು, ನಡೆಸಿದರೆ ದಪ್ಪಗಾಗುತ್ತಿತ್ತು. ನಿಲ್ಲಿಸಿದ, ಕೂದಲಿನಷ್ಟು ತೆಳ್ಳಗೆ. ನಡೆಸಿದ, ಬಳಪದಲ್ಲಿ ಎಳೆದಷ್ಟು ದಪ್ಪ. ಬೆಳಗಿನಿಂದ ಇದನ್ನು ಎಷ್ಟು ಸಲ ಮಾಡಿದ್ದನೋ, ನೋಯುವ ಹಲ್ಲಿನ ಹತ್ತಿರ ನಾಲಿಗೆ ತಾನಾಗಿ ಹೋಗುವಂತೆ ಬೆರಳು ಮತ್ತೆ ಮತ್ತೆ ಅದೇ ಗುಂಡಿಯ ಕಡೆ ಹೋಗುತ್ತಿತ್ತು. ಪ್ರಯೋಗಾಲಯದಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿ ಪರದೆಯ ಬೆಳಕನ್ನು ಸ್ವಲ್ಪ ತಗ್ಗಿಸಿದ, ತಗ್ಗಿಸಿದ್ದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಪರದೆಯಲ್ಲಿದ್ದದ್ದು ಕ್ಲಾಕ್. ಮೇಜಿನ ಮೇಲಿನ ಹಸಿರು ಬೋರ್ಡಿನ ನಡುವೆ ಕೂತಿದ್ದ ಚಿಪ್ಪಿನ ಒಂದು ಪಿನ್ನಿನಿಂದ ಹೊರಟು, ಉಳಿದ ಯಂತ್ರಕ್ಕೆಲ್ಲ ಹೆಜ್ಜೆ ಕಲಿಸುವ ಮಿಡಿತ. ಸ್ಕೋಪು ಆ ಮಿಡಿತದ ಏರುವ ಅಂಚನ್ನು ಸಾವಿರಾರು ಸಲ ಒಂದರ ಮೇಲೊಂದು ಬರೆಯುತ್ತದೆ. ಪ್ರತಿಯೊಂದೂ ಹೇಳಿದ ಹೊತ್ತಿಗೇ ಬಂದರೆ ಎಲ್ಲ ಸೇರಿ ಒಂದೇ ಗೆರೆ. ಒಂದು ಚೂರು ಮೊದಲು, ಒಂದು ಚೂರು ಆಮೇಲೆ ಬಂದರೆ ಗೆರೆಗಳು ಅಕ್ಕಪಕ್ಕ ಕೂತು ಪಟ್ಟಿಯಾಗುತ್ತವೆ. ಆ ಪಟ್ಟಿಯ ಅಗಲಕ್ಕೆ ಅವರ ಕಸುಬಿನಲ್ಲಿ ಜಿಟರ್ ಎಂದು ಹೆಸರು. ತಡವಾಗಿ ಬರುವವನಿಂದ ತೊಂದರೆಯಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ದಿನಾ ಅಷ್ಟೇ ತಡವಾಗಿ ಬರುವವನಾದರೆ ಅವನನ್ನು ನಂಬಿ ಒಲೆಯ ಮೇಲೆ ನೀರಿಡಬಹುದು, ಇವತ್ತು ಮೊದಲು ನಾಳೆ ಆಮೇಲೆ ಬರುವವನದೇ ತಾಪತ್ರಯ. ಈ ಬೋರ್ಡು ಹೋಗುವುದು ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಕ್ಕೆ. ಮೈಯೊಳಗೆ ಕಳಿಸಿದ ಸದ್ದು ಮರಳಿ ಬಂದಾಗ ಅದನ್ನು ಈ ಕ್ಲಾಕಿನ ಹೆಜ್ಜೆಗೆ ತಕ್ಕಂತೆ ಅಳೆದು ಚಿತ್ರ ಬಿಡಿಸುತ್ತಾರೆ. ಹೆಜ್ಜೆ ತಪ್ಪಿದರೆ ಚಿತ್ರದ ತುಂಬ ಮರಳು ಎರಚಿದ ಹಾಗಾಗುತ್ತದೆ. ಕಾಣುವ ಕಲೆ ರೋಗಿಯ ಹೊಟ್ಟೆಯಲ್ಲಿದೆಯೋ ಯಂತ್ರದ ಹೊಟ್ಟೆಯಲ್ಲಿದೆಯೋ ವೈದ್ಯರಿಗೆ ತಿಳಿಯುವುದಿಲ್ಲ. ನಾಲ್ಕು ಗಂಟೆಗೆ ಸಭೆ. ಸಭೆ ಒಪ್ಪಿದರೆ ಸಂಜೆಯೇ ಬೋರ್ಡಿನ ನಕ್ಷೆ ಕಾರ್ಖಾನೆಗೆ ಹೋಗುತ್ತದೆ. ಅವನು ಮತ್ತೊಮ್ಮೆ ಲೈನುಗಳನ್ನು ನಿಲ್ಲಿಸಿದ.

ಪಿನ್ನು ಹಂಚುವುದು ಅಕ್ಕನ ಕೆಲಸ. ಅವಳೂ ಇವನೂ ಇಲ್ಲಿ ಒಂದೇ ವಿಭಾಗದಲ್ಲಿ ಇರುವುದು ಕಾಕತಾಳೀಯವೇನಲ್ಲ, ಅವಳು ಮೊದಲು ಬಂದಳು, ಆಮೇಲೆ ಇವನನ್ನು ಕರೆತಂದಳು, ಶಾಲೆಗೆ ಕೈ ಹಿಡಿದು ಕರೆದುಕೊಂಡು ಹೋದ ಹಾಗೆಯೇ. ಎಫ್‌ಪಿಜಿಎ ಎಂಬ ಈ ಜಾತಿಯ ಚಿಪ್ಪಿಗೆ ನೂರಾರು ಪಿನ್ನುಗಳು, ಯಾವ ಪಿನ್ನು ಯಾವ ಕೆಲಸ ಮಾಡಬೇಕೆಂದು ಬಳಸುವವರೇ ತೀರ್ಮಾನಿಸಬಹುದು. ಸ್ವಾತಂತ್ರ್ಯ ಕೊಟ್ಟ ಮೇಲೆ ಜಗಳ ಇದ್ದದ್ದೇ. ಎಲ್ಲರಿಗೂ ತಮ್ಮ ತಮ್ಮ ಲೈನು ಹತ್ತಿರದ ಪಿನ್ನಿನಲ್ಲೇ ಬೇಕು. ಅಕ್ಕ ಚಿಪ್ಪಿನ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ, ಮೇಜಿನ ತುಂಬ ಹರಡಿ, ಬಣ್ಣದ ಪೆನ್ಸಿಲುಗಳ ಪೆಟ್ಟಿಗೆ ತೆರೆದು ಕೂತರೆ ಅದು ದರ್ಬಾರು. ಮೊದಲು ಕ್ಲಾಕಿಗೆ ಜಾಗ, ಆಮೇಲೆ ಉಳಿದವರು ಎನ್ನುವಳು. ಮೊದಲು ಮಗುವಿಗೆ ಹಾಸಿಗೆ, ಆಮೇಲೆ ನೆಂಟರಿಗೆ ಚಾಪೆ. ಕ್ಲಾಕ್ ಚಿಪ್ಪಿನೊಳಗೆ ಊರೆಲ್ಲ ಸುತ್ತಿ ಬರಕೂಡದು, ಅದಕ್ಕೆಂದೇ ಇರುವ ದಾರಿಯಲ್ಲಿ ಬಂದು ಹೊಸ್ತಿಲಲ್ಲಿ ಕಾಲು ಒರೆಸಿಕೊಂಡು ನೇರ ಹೊರಗೆ ಹೋಗಬೇಕು. ಮತ್ತು ಅದರ ವಠಾರ ಶಾಂತವಾಗಿರಬೇಕು. ಪಿನ್ನುಗಳ ಒಂದೊಂದು ಗುಂಪಿಗೆ ಎಲ್ಲರೂ ಬ್ಯಾಂಕ್ ಅಂದರೆ ಅಕ್ಕ ವಠಾರ ಅನ್ನುತ್ತಿದ್ದಳು, ಯಾಕೆಂದರೆ ಒಂದು ಗುಂಪಿನ ಪಿನ್ನುಗಳಿಗೆಲ್ಲ ವಿದ್ಯುತ್ತು ಬರುವುದು ಒಂದೇ ಕೊಳಾಯಿಯಿಂದ. ಎಂಟು ಮನೆಯವರು ಒಟ್ಟಿಗೆ ನಲ್ಲಿ ತಿರುಗಿಸಿದರೆ ಕೊನೆಯ ಮನೆಯ ನೀರು ತಡವರಿಸುವ ಹಾಗೆ, ಎಂಟು ಲೈನುಗಳು ಒಂದೇ ಗಳಿಗೆಯಲ್ಲಿ ಮೇಲೆದ್ದರೆ ಪಕ್ಕದ ಕ್ಲಾಕಿನ ಅಂಚು ಅಲುಗುತ್ತದೆ. ಅದಕ್ಕೇ ಅಕ್ಕ ಕ್ಲಾಕಿನ ಸುತ್ತಲಿನ ಪಿನ್ನುಗಳನ್ನು ಖಾಲಿ ಬಿಟ್ಟು, ಅವನ್ನು ಗ್ರೌಂಡಿಗೆ ಕಟ್ಟಿ, ಹಾಳೆಯ ಮೇಲೆ ಬೂದು ಬಣ್ಣ ಬಳಿಯುತ್ತಿದ್ದಳು. ಬೋರ್ಡಿನ ತಂತಿಗಳ ಹಾದಿ ಬರೆಯುವ ಮನುಷ್ಯ, ಎಲ್ಲರೂ ಜೇಡ ಎಂದು ಕರೆಯುವವನು, ಆ ಬೂದು ಪಿನ್ನುಗಳಲ್ಲಿ ನಾಲ್ಕನ್ನು ಕೊಡಿ, ನನ್ನ ದಾರಿ ಸಲೀಸಾಗುತ್ತೆ ಎಂದು ಎಲ್ಲರೆದುರು ಬೇಡಿದ್ದ. ಮಗು ಮಲಗಿದೆ, ಪಕ್ಕದಲ್ಲಿ ಸಂತೆ ಮಾಡಬೇಡಿ ಎಂದು ಅಕ್ಕ ಕನ್ನಡಕದ ಮೇಲಿಂದ ನೋಡಿ ಹೇಳಿದ್ದಳು. ಎಲ್ಲರೂ ನಕ್ಕಿದ್ದರು, ಜೇಡನೂ ನಕ್ಕಿದ್ದ. ಅವನ ನಗು ಎಲ್ಲರಿಗಿಂತ ಸ್ವಲ್ಪ ಮೊದಲೇ ನಿಂತಿತ್ತು.

ಅದಾದ ವಾರಕ್ಕೆ ಇವನು ಕೇಳಿದ್ದ. ಕಚೇರಿಯಲ್ಲಲ್ಲ, ಮನೆಯಲ್ಲಿ. ಕೆಳಗಿನ ಮನೆ ಅಕ್ಕನದು, ಮೇಲಿನದು ಇವನದು. ರಜೆಯ ದಿನ ಬೆಳಿಗ್ಗೆ ಅವಳು ಬಟ್ಟೆಗೆ ಇಸ್ತ್ರಿ ಹಾಕುವಾಗ ಇವನು ಹೋಗಿ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂರುವುದು ವಾಡಿಕೆ. ತನ್ನ ಎಂಟು ಲೈನುಗಳನ್ನು ಆಚೆ ಬದಿಯ ಬ್ಯಾಂಕಿಗೆ ಹಾಕಿದರೆ ದಾರಿ ಬೋರ್ಡನ್ನು ಸುತ್ತಿಕೊಂಡು ಬರಬೇಕು, ಜೇಡ ಗೊಣಗುತ್ತಾನೆ, ಆ ಬೂದು ಪಿನ್ನುಗಳು ತನ್ನ ಕನೆಕ್ಟರಿನ ಎದುರಿಗೇ ಇವೆಯಲ್ಲ ಎಂದ. ಕೇಳುವಾಗಲೇ ಸಿಗುತ್ತದೆ ಎಂದು ಗೊತ್ತಿತ್ತು; ಕೇಳಿದ ರೀತಿಯಲ್ಲೇ ಆ ಗೊತ್ತಿರುವಿಕೆ ಇತ್ತು, ಕಾಲು ಅಲ್ಲಾಡಿಸುತ್ತ, ಅರ್ಧ ಮಾತು ನುಂಗುತ್ತ. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿದಳು. ನಿನ್ನ ಲೈನು ಯಾವಾಗಲೂ ನಡೀತಿರುತ್ತಾ ಎಂದು ಕೇಳಿದಳು. ಇಲ್ಲ ಅಕ್ಕ, ಯಾವಾಗಲಾದರೊಮ್ಮೆ, ಪರೀಕ್ಷೆಗೆ ಮಾತ್ರ ಎಂದ. ಆಗ ಅದು ನಿಜವೇ ಆಗಿತ್ತು, ಅಥವಾ ನಿಜಕ್ಕೆ ಹತ್ತಿರವಾಗಿತ್ತು. ತಗೋ ಎಂದಳು ಅಕ್ಕ. ಇವನ ಅಂಗಿಯ ಕಾಲರನ್ನೇ ತಿರುವಿ ಹಾಕಿ ಇಸ್ತ್ರಿ ಮುಂದುವರಿಸಿದಳು. ಆಮೇಲೆ ಚಿತ್ರ ದಾಖಲಿಸುವ ಪೆಟ್ಟಿಗೆಯವರು ಬಂದು, ಈ ಲೈನುಗಳು ಹೇಗೂ ಇವೆಯಲ್ಲ, ನಮ್ಮ ಪೆಟ್ಟಿಗೆಗೆ ಇವುಗಳಿಂದಲೇ ಚಿತ್ರ ಕಳಿಸಿ ಎಂದಾಗ ಇವನು ಆಗಲಿ ಅಂದುಬಿಟ್ಟ. ಇನ್ನು ಆ ಲೈನುಗಳು ಯಂತ್ರ ನಡೆಯುವಷ್ಟು ಹೊತ್ತೂ ನಡೆಯಬೇಕು. ಅದನ್ನು ಅಕ್ಕನಿಗೆ ಹೇಳಬೇಕೆಂದುಕೊಂಡ, ಅವತ್ತು ಅವಳಿಗೆ ತಲೆನೋವಿತ್ತು, ಮರುದಿನ ಇವನಿಗೆ ಮರೆಯಿತು. ಮಾದರಿ ಬೋರ್ಡು ಬಂದಾಗ ಅಕ್ಕ ಕ್ಲಾಕನ್ನು ಅಳೆದಳು, ನಿನ್ನ ಲೈನುಗಳನ್ನೂ ಹಾಕು ನೋಡೋಣ ಎಂದಳು. ಪ್ರೋಗ್ರಾಮು ಇನ್ನೂ ಆಗಿಲ್ಲ, ಆಮೇಲೆ ನೋಡ್ಕೊಳ್ಳೋಣ ಎಂದವನು ಇವನೇ. ಗೆರೆ ಕೂದಲಿನಷ್ಟು ತೆಳ್ಳಗಿತ್ತು. ಅಕ್ಕ ಸಹಿ ಹಾಕಿದಳು.

ಈಗ ಬೇಕಾದರೆ ಸುಮ್ಮನಿರಬಹುದಿತ್ತು. ಬೆಳಗಿನಿಂದ ಅವನ ತಲೆಯೊಳಗೆ ಈ ಸುಮ್ಮನಿರುವ ಯೋಚನೆ ಬಾಡಿಗೆದಾರನ ಹಾಗೆ ಬಂದು ಸಾಮಾನು ಇಳಿಸಿ ಕೂತಿತ್ತು. ಯಂತ್ರ ಹೋಗುತ್ತದೆ, ಚಿತ್ರದಲ್ಲಿ ಸ್ವಲ್ಪ ಮರಳು ಕಾಣುತ್ತದೆ, ಯಾರೋ ಪೆಟ್ಟಿಗೆಯವರ ಮೇಲೆ ಹೇಳುತ್ತಾರೆ, ಪೆಟ್ಟಿಗೆಯವರು ಮೈಗೆ ಒತ್ತಿ ಸದ್ದು ಕಳಿಸುವ ಕೈಹಿಡಿಯ ಮೇಲೆ ಹೇಳುತ್ತಾರೆ. ಕೊನೆಗೆ ಯಾರೋ ಬುದ್ಧಿವಂತರು ಕ್ಲಾಕಿನ ಪಿನ್ನು ನೋಡುತ್ತಾರೆ, ಇದನ್ನು ಆರಿಸಿದವರು ಯಾರು ಎನ್ನುತ್ತಾರೆ. ಹೇಗೆ ತಿರುಗಿಸಿದರೂ ಅದು ಅಕ್ಕನ ಹತ್ತಿರ ಬಂದು ನಿಲ್ಲುತ್ತಿತ್ತು. ಈಚೆಗೆ ಮುಖ್ಯಸ್ಥರು ಅವಳ ವಿಷಯದಲ್ಲಿ ಬಹಳ ಮೃದುವಾಗಿ ಮಾತಾಡತೊಡಗಿದ್ದರು. ಅವರಿಗೆ ಬೆನ್ನ ಹಿಂದೆ ಬೆಣ್ಣೆ ಎಂದು ಹೆಸರು. ಯಾರ ಕೈಯಿಂದ ಕೆಲಸ ತೆಗೆದರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆಯುತ್ತಿದ್ದರು, ಕಳಕೊಂಡವನು ಥ್ಯಾಂಕ್ಸ್ ಹೇಳಿ ಬರುತ್ತಿದ್ದ. ಅಕ್ಕ ಒಂದು ಸಭೆಯ ದಿನ ಮರೆತಿದ್ದಳು, ಹಣೆಯ ಮೇಲಿದ್ದ ಕನ್ನಡಕವನ್ನು ಎಲ್ಲ ಮೇಜುಗಳ ಮೇಲೂ ಹುಡುಕಿದ್ದಳು. ಅಷ್ಟೇ. ಮುಖ್ಯಸ್ಥರು ಇವನನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ನಿಮ್ಮ ಅಕ್ಕನವರಿಗೂ ವಿಶ್ರಾಂತಿ ಬೇಕಲ್ಲವೇ ಎಂದು ಕೇಳಿದ್ದರು, ಇವನು ಹಲ್ಲು ಕಿರಿದು ಹೌದು ಸಾರ್ ಎಂದಿದ್ದ. ಯಾಕೆ ಹಾಗೆಂದೆ ಎಂದು ಆಮೇಲೆ ಮೆಟ್ಟಿಲು ಇಳಿಯುವಾಗ ಹೊಳೆದು ಕಿವಿ ಬಿಸಿಯಾಗಿತ್ತು. ಅಕ್ಕನಿಗೆ ಗಂಡನಿಲ್ಲ, ಮಕ್ಕಳಿಲ್ಲ, ದೇವರ ಮೇಲೂ ಅಷ್ಟಕ್ಕಷ್ಟೇ. ಆ ಹಾಳೆ, ಆ ಪೆನ್ಸಿಲುಗಳು, ಮೊದಲು ಯಾರು ಎಂದು ಹೇಳುವ ಆ ಅಧಿಕಾರ, ಮತ್ತೆ ಇವನು. ಅವಳ ಹತ್ತಿರ ಇದ್ದದ್ದೇ ಇಷ್ಟು.

ಚಿಕ್ಕಂದಿನಲ್ಲೂ ಹೀಗೇ ಆಗಿತ್ತು, ಅವನ ಕೈಯಲ್ಲಿ ಬಿಸ್ಕತ್ತಿತ್ತು. ಪಕ್ಕದ ಮನೆಯ ಕಿಟಕಿಯ ಗಾಜು ಚೂರಾಗಿ ಬಿದ್ದಿತ್ತು, ಅವನೆಸೆದ ಕಲ್ಲು ಇನ್ನೂ ಒಳಗೆ ಉರುಳುತ್ತಿದ್ದ ಹಾಗಿತ್ತು, ಅಪ್ಪ ಬಾಗಿಲಲ್ಲಿ ನಿಂತು ಯಾರು ಎಂದಿದ್ದರು. ನಾನು ಎಂದಳು ಅಕ್ಕ, ಒಳಗಿನಿಂದ ಓಡಿಬಂದು, ಏನಾಗಿದೆ ಎಂದು ಪೂರ್ತಿ ನೋಡುವ ಮೊದಲೇ. ಅವಳಿಗೆ ಬಿದ್ದ ಏಟಿನ ಸದ್ದು ಅವನಿಗೆ ಇವತ್ತಿಗೂ ನೆನಪಿದೆ, ಆದರೆ ಅದಕ್ಕಿಂತ ಚೆನ್ನಾಗಿ ನೆನಪಿರುವುದು ತಾನು ಆ ಬಿಸ್ಕತ್ತನ್ನು ತಿಂದು ಮುಗಿಸಿದ್ದು, ಅದು ಸಿಹಿಯಾಗಿಯೇ ಇದ್ದದ್ದು. ಆಮೇಲೆ ಅಕ್ಕ ಕೆನ್ನೆ ಉಜ್ಜಿಕೊಳ್ಳುತ್ತ ಬಂದು, ಅಳು ಬಂತೇನೋ ಎಂದು ಇವನನ್ನೇ ಸಮಾಧಾನ ಮಾಡಿದಳು. ಸಮಾಧಾನ ಮಾಡಿಸಿಕೊಂಡ. ಕೆಲವು ವರ್ಷಗಳ ಮೇಲೆ, ಮದುವೆಗೆಂದು ಅಕ್ಕನನ್ನು ನೋಡಲು ಒಬ್ಬ ಮನುಷ್ಯ ಎರಡು ಸಲ ಬಂದಿದ್ದ, ದಪ್ಪ ಮೀಸೆ, ಒಳ್ಳೆಯ ನಗು. ಎರಡನೆಯ ಸಲ ಒಳಕೋಣೆಯಲ್ಲಿ ಅಕ್ಕ ಅಮ್ಮನಿಗೆ, ಇವನ ಓದು ಮುಗೀಲಿ ಎಂದು ಮೆಲ್ಲಗೆ ಹೇಳುತ್ತಿದ್ದಾಗ ಇವನು ಚಾದರದೊಳಗೆ ಕಣ್ಣು ಮುಚ್ಚಿ ನಿದ್ದೆ ನಟಿಸಿದ್ದ, ಮೀಸೆಯ ಮೇಲೆ ಏನೋ ಹಳೆಯ ಸೇಡು ತೀರಿದಂತೆ ಖುಷಿಯೂ ಆಗಿತ್ತು. ಸ್ಕೋಪು ತನ್ನಷ್ಟಕ್ಕೆ ಗೆರೆ ಬರೆಯುತ್ತಲೇ ಇತ್ತು. ಲೈನುಗಳು ನಡೆಯುತ್ತಿದ್ದವು, ಗೆರೆ ದಪ್ಪಗಿತ್ತು. ಹೊರಗೆ ಊಟದ ಹೊತ್ತಿನ ಗದ್ದಲ ಕೇಳಿಸಿತು, ಅವನು ಎದ್ದ.

ಅಕ್ಕ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿನಲ್ಲಿ ಎರಡು ಡಬ್ಬಿ ತೆರೆದಿಟ್ಟುಕೊಂಡು ಕಾಯುತ್ತಿದ್ದಳು. ಇವನ ಹೆಂಡತಿ ಇವನಿಗೆ ಕಟ್ಟಿಕೊಟ್ಟ ಡಬ್ಬಿ ಇವನ ಕೈಯಲ್ಲೇ ಇತ್ತು, ಆದರೂ ಅಕ್ಕ ತನ್ನದರಲ್ಲಿ ಅರ್ಧ ಬೇರೆ ಮಾಡಿ ಇಟ್ಟಿದ್ದಳು. ಈ ವಿಷಯದಲ್ಲಿ ಹೆಂಡತಿ ಮೊದಮೊದಲು ಮುನಿಸಿಕೊಂಡು, ಆಮೇಲೆ ತಮಾಷೆ ಮಾಡಿ, ಕೊನೆಗೆ ಡಬ್ಬಿಯಲ್ಲಿ ಅರ್ಧವನ್ನೇ ಕಟ್ಟತೊಡಗಿದ್ದಳು. ಅವನು ಕೂತ. ಒಂದು ತುತ್ತು ಬಾಯಿಗೆ ಹಾಕಿಕೊಂಡ, ಅಗಿದ, ಅಗಿಯುತ್ತಲೇ ಇದ್ದ. ಬಾಯಿ ತುಂಬಿರುವಾಗ ಹೇಳಲಾಗುವುದಿಲ್ಲ, ನುಂಗಿದ ಮೇಲೆ ಹೇಳುತ್ತೇನೆ ಎಂದುಕೊಂಡ, ನುಂಗಿದ ಮೇಲೆ ಇನ್ನೊಂದು ತುತ್ತು ತೆಗೆದುಕೊಂಡ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯಲ್ಲ, ಏನದು ಹೇಳು ಎಂದಳು ಅಕ್ಕ. ಆಗ ಹೇಳಿದ. ಒಂದೇ ಉಸಿರಿಗೆ, ಡಬ್ಬಿಯ ಮುಚ್ಚಳವನ್ನು ನೋಡುತ್ತ. ಲೈನು ನಡೆಸಿದರೆ ಎಷ್ಟು ದಪ್ಪ, ನಿಲ್ಲಿಸಿದರೆ ಎಷ್ಟು ತೆಳು, ಪೆಟ್ಟಿಗೆಯವರಿಗೆ ತಾನು ಮಾತು ಕೊಟ್ಟದ್ದು, ಅವಳಿಗೆ ಹೇಳದೆ ಉಳಿದದ್ದು. ಅಕ್ಕ ಬೈಯಲಿಲ್ಲ. ಅವಳ ಕಣ್ಣು ಇವನ ಮುಖ ಬಿಟ್ಟು ಎಲ್ಲೋ ಹೋಯಿತು, ಅಲ್ಲಿ ಆ ದೊಡ್ಡ ಹಾಳೆ ಹರಡಿದೆ, ಅವಳು ಒಂದೊಂದೇ ಪಿನ್ನು ಮುಟ್ಟಿ ನೋಡುತ್ತಿದ್ದಾಳೆ ಎಂದು ಅವನಿಗೆ ತಿಳಿಯುತ್ತಿತ್ತು. ಅಷ್ಟು ಬೇಗ ಅರ್ಥ ಮಾಡಿಕೊಳ್ಳುವವಳನ್ನು ಮರೆವಿನವಳು ಎನ್ನುತ್ತಾರಲ್ಲ ಎಂದು ಸಿಟ್ಟು ಬಂತು, ಆ ಸಿಟ್ಟಿಗೆ ತನಗೆ ಹಕ್ಕಿಲ್ಲ ಎಂದೂ ಅನಿಸಿತು.

"ಸಭೇಲಿ ನೀನು ಬಾಯಿ ತೆಗೀಬೇಡ," ಎಂದಳು ಅಕ್ಕ. "ನಾನು ನೋಡ್ಕೋತೀನಿ. ಊಟ ಮಾಡು."

ಊಟ ಮಾಡಿದ. ಹಸಿವಿತ್ತು. ಎದೆಯ ಮೇಲಿಂದ ಚಪ್ಪಡಿ ಎತ್ತಿಟ್ಟ ಹಾಗೆ ಹಗುರವಾಯಿತು, ಕ್ಯಾಂಟೀನಿನ ಸಪ್ಪೆ ನೀರೂ ರುಚಿಯೆನಿಸಿತು. ಕೈ ತೊಳೆಯುವಾಗ ಎದುರಿನ ಕನ್ನಡಿಯಲ್ಲಿ ಕಂಡದ್ದು ನೆಮ್ಮದಿಯ ಮುಖ, ತಲೆಯಲ್ಲಿ ನರೆ, ತುಟಿಯ ಪಕ್ಕ ಒಂದು ಅಗುಳು. ಇಷ್ಟು ವಯಸ್ಸಾದ ಗಂಡಸು, ಎರಡು ಮಕ್ಕಳ ತಂದೆ, ಅಕ್ಕ ನೋಡ್ಕೋತಾಳೆ ಎಂದ ಕೂಡಲೇ ಹೀಗೆ ಅರಳುತ್ತಾನಲ್ಲ ಎಂದು ಆ ಮುಖವನ್ನು ನೋಡಲಾಗದೆ ನಲ್ಲಿ ನಿಲ್ಲಿಸಿ ಹೊರಗೆ ಬಂದ. ಬಾಗಿಲಲ್ಲಿ ಜೇಡ ಎದುರಾದ. ನಾಲ್ಕು ಗಂಟೆಗೆ ಎಲ್ಲ ಮುಗಿಯುತ್ತಲ್ಲ, ಇನ್ನು ಯಾರೂ ದಾರಿ ಬದಲಿಸಿ ಅನ್ನಲ್ಲ ತಾನೆ ಎಂದು ಕೇಳಿದ. ಅವನಿಗೆ ಎಲ್ಲ ಗೊತ್ತು ಎಂಬುದು ಇವನಿಗೆ ಗೊತ್ತಿತ್ತು. ಆ ಎಂಟು ದಾರಿಗಳನ್ನು ಬೂದು ಪಿನ್ನುಗಳಿಂದ ಎಳೆದವನು ಅವನೇ. ತನಗೆ ಎಲ್ಲರೆದುರು ಇಲ್ಲವೆಂದ ಜಾಗ ವಾರ ಕಳೆಯುವುದರೊಳಗೆ ತಮ್ಮನ ಹೆಸರಿಗೆ ಬಂದದ್ದನ್ನು ನೋಡಿ ಅವನು ಏನೂ ಹೇಳಿರಲಿಲ್ಲ, ಏನೂ ಹೇಳದೆ ತುಂಬ ಅಂದವಾಗಿ ಎಳೆದುಕೊಟ್ಟಿದ್ದ. ನೋಡೋಣ ಎಂದ ಇವನು. ನೋಡೋಣ ಎಂದ ಜೇಡನೂ, ಪೇಪರು ಟವೆಲು ಹರಿದುಕೊಳ್ಳುತ್ತ.

ಸಭೆಯ ಕೋಣೆಯಲ್ಲಿ ಕಿಟಕಿಗಳಿರಲಿಲ್ಲ. ಉದ್ದ ಮೇಜಿನ ತುದಿಯಲ್ಲಿ ಮುಖ್ಯಸ್ಥರು, ಪಕ್ಕದಲ್ಲಿ ಪೆಟ್ಟಿಗೆಯವರ ಕಡೆಯಿಂದ ಇಬ್ಬರು, ಗೋಡೆಗೆ ಒರಗಿ ಜೇಡ. ಅಕ್ಕ ತನ್ನ ಹಾಳೆಯನ್ನು ಸುರುಳಿ ಬಿಚ್ಚಿ, ಮೂಲೆಗಳು ಮಡಚದಂತೆ ನಾಲ್ಕು ಲೋಟಗಳನ್ನು ಇಟ್ಟು ನಿಂತಳು. ಇವನು ಅವಳಿಂದ ಎರಡು ಕುರ್ಚಿ ಈಚೆ ಕೂತಿದ್ದ. ಅವಳು ಹೆಚ್ಚು ಸುತ್ತಿ ಬಳಸಲಿಲ್ಲ. ಬೋರ್ಡನ್ನು ಇವತ್ತು ಕಳಿಸುವುದು ಬೇಡ, ಕ್ಲಾಕಿನ ಅಂಚು ಅಲುಗುತ್ತಿದೆ, ಪಕ್ಕದ ಎಂಟು ಲೈನುಗಳನ್ನು ಆಚೆಯ ಬ್ಯಾಂಕಿಗೆ ಸರಿಸಬೇಕು ಎಂದಳು. ಪೆಟ್ಟಿಗೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅಷ್ಟು ಹತ್ತಿರ ಅವನ್ನು ಯಾಕೆ ಇಟ್ಟಿರಿ, ನೀವೇ ಅಲ್ಲವೇ ಯಾರಿಗೂ ಬಿಡುತ್ತಿರಲಿಲ್ಲ ಎಂದು ಮುಖ್ಯಸ್ಥರು ಕೇಳಿದರು. ಕೇಳಿದ್ದರಲ್ಲಿ ಗದರಿಕೆಯಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು.

"ಮರೆತು ಹೋಯ್ತು," ಎಂದಳು ಅಕ್ಕ. "ಖಾಲಿ ಬಿಟ್ಟಿರೋದು ಯಾಕೆ ಅನ್ನೋದೇ ಮರೆತು, ತುಂಬಿಸಿಬಿಟ್ಟೆ. ವಯಸ್ಸಾಯ್ತು ನೋಡಿ."

ಅವಳು ನಕ್ಕಳು, ಯಾರೋ ಜೊತೆಗೆ ನಕ್ಕರು. ಮುಖ್ಯಸ್ಥರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಅವರ ಮುಖ ಮೆಲ್ಲಗೆ ಕರಗಿ ದಯೆಯಾಯಿತು. ಪರವಾಗಿಲ್ಲ ಎಂದರು ಅವರು. ಎಷ್ಟು ವರ್ಷದಿಂದ ಒಬ್ಬರೇ ಇದನ್ನು ಹೊತ್ತಿದ್ದೀರಿ, ಯಾರಿಗಾದರೂ ಆಗುವುದೇ, ಮುಂದಿನ ಬೋರ್ಡಿನಿಂದ ಕ್ಲಾಕನ್ನು ಬೇರೆ ಯಾರಾದರೂ ನೋಡಲಿ, ನೀವು ಸ್ವಲ್ಪ ಹಗುರಾಗಿ, ನಿಮ್ಮ ಅನುಭವ ನಮಗೆ ಸಲಹೆಗೆ ಬೇಕೇ ಬೇಕು. ಕೂದಲು ಬೆಣ್ಣೆಯಿಂದ ಹೊರಗೆ ಬಂದಾಗಿತ್ತು. ಅಕ್ಕ ಆಗಲಿ ಎಂದಳು. ಬಣ್ಣದ ಪೆನ್ಸಿಲುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕತೊಡಗಿದಳು, ಬೂದು ಪೆನ್ಸಿಲು ತನ್ನ ಗುಳಿಗೆ ಕೂರದೆ ಎರಡು ಸಲ ಜಾರಿತು. ಇದು ಅವಳ ಲೆಕ್ಕದಲ್ಲಿ ಇದ್ದದ್ದೇ ಎಂದು ಇವನಿಗೆ ಆಗ ಹೊಳೆಯಿತು. ಊಟದ ಮೇಜಿನಲ್ಲಿ ಅಲ್ಲೆಲ್ಲೋ ನೋಡುತ್ತಿದ್ದಾಗಲೇ ಅವಳು ಇದನ್ನು ಕಂಡಿದ್ದಳು. ತಮ್ಮನಿಗೆ ಕೊಟ್ಟೆ ಎಂದರೆ ನಾಲ್ಕು ಜನರೆದುರು ಒಂದು ದಿನದ ಅವಮಾನ, ತಮ್ಮನದೂ ತನ್ನದೂ. ಮರೆತೆ ಎಂದರೆ ಕೆಲಸವೇ ಹೋಗುತ್ತದೆ, ಆದರೆ ತಮ್ಮನ ಹೆಸರು ಬರುವುದಿಲ್ಲ. ಅವಳು ಎರಡನೆಯದನ್ನು ಆರಿಸಿಕೊಂಡಿದ್ದಳು, ತರಕಾರಿ ಆರಿಸಿದಷ್ಟು ಸಲೀಸಾಗಿ. ಇವನು ಏನೂ ಮಾಡಬೇಕಾಗಿರಲಿಲ್ಲ. ಕೂತಿದ್ದರೆ ಸಾಕಾಗಿತ್ತು. ಸತ್ಯ ಹೇಳಿದರೆ ಅವಳು ಇಷ್ಟು ವರ್ಷ ಕಾಪಾಡಿಕೊಂಡ ಮಾತು, ಮೇಡಂ ಯಾರ ಮುಲಾಜಿಗೂ ಬಗ್ಗಲ್ಲ ಎಂಬ ಮಾತು, ಈ ಮೇಜಿನ ಮೇಲೆ ಮುರಿದು ಬೀಳುತ್ತದೆ, ಮುರಿದವನು ತಾನಾಗುತ್ತಾನೆ. ಹೇಳದಿದ್ದರೆ ಅವಳು ನಾಳೆಯಿಂದ ಸಲಹೆ ಕೊಡುವ ಮುದುಕಿ. ಕಾಲಕೆಳಗೆ ನೆಲವಿರುವುದು ಮಾತ್ರ ಸರಿಯಾಗಿ ತಿಳಿಯುತ್ತಿತ್ತು.

"ಅಕ್ಕ ಮರೆತಿಲ್ಲ," ಎಂದ ಅವನು. ಕಚೇರಿಯಲ್ಲಿ ಅವಳನ್ನು ಹಾಗೆ ಕರೆಯುವುದಿಲ್ಲ ಎಂಬುದೂ ನೆನಪಾಗಲಿಲ್ಲ.

"ನೀನು ಸುಮ್ನಿರು," ಎಂದಳು ಅಕ್ಕ, ತಲೆಯೆತ್ತದೆ, ಚಿಕ್ಕ ಹುಡುಗನಿಗೆ ಹೇಳುವ ಧಾಟಿಯಲ್ಲಿ. ಪೆಟ್ಟಿಗೆಯವರಲ್ಲಿ ಒಬ್ಬ ಮೂಗಿನಲ್ಲಿ ನಕ್ಕ. ಇವನ ಮುಖಕ್ಕೆ ರಕ್ತ ನುಗ್ಗಿತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಇಷ್ಟು ವರ್ಷ ತಾನು ಯಾರಾಗಿದ್ದೇನೆ ಎಂದು ಎಲ್ಲರಿಗೂ ಒಂದೇ ಮಾತಿನಲ್ಲಿ ಗೊತ್ತಾದ ಹಾಗೆ ಅನಿಸಿತು, ಮತ್ತು ಅದು ಅವರಿಗೆ ಮೊದಲೇ ಗೊತ್ತಿತ್ತು ಎಂದೂ ಅನಿಸಿತು. ಸುಮ್ಮನಾಗುವುದು ಎಷ್ಟು ಸುಲಭವಿತ್ತು.

"ಅವರು ಮರೆತು ತುಂಬಿಸಿದ್ದಲ್ಲ. ಆ ಪಿನ್ನುಗಳನ್ನ ನಾನು ಕೇಳಿದೆ, ನಾನು ಕೇಳಿದೆ ಅಂತ ಕೊಟ್ರು. ಯಾವಾಗಲೋ ಒಮ್ಮೆ ನಡೆಯೋ ಲೈನು ಅಂದಿದ್ದೆ, ಆಮೇಲೆ ಪೆಟ್ಟಿಗೆಗೆ ಕೊಟ್ಟೆ, ಅದನ್ನ ಅವರಿಗೆ ಹೇಳಲಿಲ್ಲ. ಅಳೆಯೋಣ ಅಂದಾಗಲೂ ಆಮೇಲೆ ಅಂದೆ. ಅವರ ತಪ್ಪು ಒಂದೇ. ನಾನು ತಮ್ಮ ಅಂತ, ಇಲ್ಲ ಅನ್ನಲಿಲ್ಲ."

ಗೋಡೆಯ ಹತ್ತಿರ ಜೇಡ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. "ನಾನೂ ಕೇಳಿದ್ದೆ," ಎಂದ, ಯಾರ ಕಡೆಗೂ ನೋಡದೆ. "ನನಗೆ ಕೊಟ್ಟಿರಲಿಲ್ಲ." ಅದರಲ್ಲಿ ಸೇಡಿತ್ತೋ ಸಹಾಯವಿತ್ತೋ ಇವನಿಗೆ ತಿಳಿಯಲಿಲ್ಲ, ಎರಡೂ ಇರಬಹುದು, ಮನುಷ್ಯನಿಗೆ ಎರಡೂ ಒಟ್ಟಿಗೆ ಇರುವುದು ಅಪರೂಪವೇನಲ್ಲ. ಮುಖ್ಯಸ್ಥರು ಅಕ್ಕನನ್ನು ನಿಜವೇ ಎಂದು ಕೇಳಿದರು. ಅಕ್ಕ ಕನ್ನಡಕ ತೆಗೆದು ಹಾಳೆಯ ಮೇಲಿಟ್ಟಳು. ಅದಿಲ್ಲದೆ ಅವಳ ಕಣ್ಣುಗಳು ಚಿಕ್ಕದಾಗಿ, ಬೇರೆಯವರವು ಎಂಬಂತೆ ಕಾಣುತ್ತಿದ್ದವು. ನಿಜ ಎಂದಳು. ಆಗ ಮುಖ್ಯಸ್ಥರ ಮುಖದಿಂದ ಆ ದಯೆ ಹೋಯಿತು, ಬೆಣ್ಣೆ ಎಂದು ಹೆಸರಾದ ಮನುಷ್ಯನಿಗೆ ಅಷ್ಟು ಸಿಟ್ಟು ಬರುತ್ತದೆಂದು ಯಾರೂ ಕಂಡಿರಲಿಲ್ಲ. ಮನೆಯ ಸಲಿಗೆಯನ್ನು ಮನೆಯಲ್ಲಿಟ್ಟು ಬರಬೇಕು ಎಂದರು, ಇದು ಆಸ್ಪತ್ರೆಗೆ ಹೋಗುವ ಯಂತ್ರ, ನಿಮ್ಮ ತಮ್ಮನ ಆಟದ ಸಾಮಾನಲ್ಲ ಎಂದರು, ಮಾತು ಜೋರಾಯಿತು, ಎಲ್ಲರೂ ಮೇಜು ನೋಡಿದರು. ಇವನು ಬೈಗುಳವನ್ನು ಒಂದೊಂದಾಗಿ ಕೇಳಿಸಿಕೊಂಡ, ಒಳಗೊಳಗೇ ನಿರಾಳವಾಗಿ ಉಸಿರಾಡಿದ. ಕೈಲಾಗದವರ ಮೇಲೆ ಯಾರೂ ಇಷ್ಟು ಸಿಟ್ಟಾಗುವುದಿಲ್ಲ. ಕೊನೆಗೆ ಮುಖ್ಯಸ್ಥರು, ಯಾರು ಕೆಡಿಸಿದರೋ ಅವರೇ ಸರಿ ಮಾಡಲಿ, ನೀವೇ ಕೂತು ಪಿನ್ನುಗಳನ್ನು ಮತ್ತೆ ಹಂಚಿ, ನಾಳೆ ಹೊಸ ಅಳತೆ ತೋರಿಸಿ, ಇನ್ನು ಮುಂದೆ ಅಕ್ಕ ತಮ್ಮ ಒಂದೇ ಬೋರ್ಡಿನ ಮೇಲೆ ಬೇಡ ಎಂದು ಎದ್ದರು. ಕ್ಲಾಕನ್ನು ಬೇರೆಯವರು ನೋಡಲಿ ಎಂಬ ಮಾತು ಮತ್ತೆ ಬರಲಿಲ್ಲ. ಬೇರೆ ಬೋರ್ಡಿಗೆ ಹೋಗಬೇಕಾದವನು ತಾನು ಎಂಬುದು ಸ್ಪಷ್ಟವಾಗಿತ್ತು.

ಆ ದಿನದ ಉಳಿದ ಹೊತ್ತು ಅಕ್ಕ ಮತ್ತು ಜೇಡ ಹಾಳೆಯ ಮೇಲೆ ಬಗ್ಗಿ ಕೂತಿದ್ದನ್ನು ಅವನು ಗಾಜಿನ ಆಚೆಯಿಂದ ನೋಡಿದ. ಅ‌ಕ್ಕ ಎಂಟು ಕಡೆ ಬಣ್ಣ ಅಳಿಸಿದಳು, ರಬ್ಬರಿನ ಪುಡಿಯನ್ನು ಅಂಗೈಯಲ್ಲಿ ಒರೆಸಿ ಹಾಕಿದಳು, ಬೂದು ಬಳಿದಳು. ಜೇಡ ಏನೋ ಗೊಣಗಿದ, ದಾರಿ ಬೋರ್ಡನ್ನು ಸುತ್ತಿ ಬರಬೇಕಲ್ಲ ಎಂದಿರಬೇಕು, ಅಕ್ಕ ಏನೋ ಅಂದಳು, ಅವನು ನಕ್ಕುಬಿಟ್ಟ, ಈ ಸಲ ನಗು ಬೇಗ ನಿಲ್ಲಲಿಲ್ಲ. ಇವನಿಗೆ ಒಳಗೆ ಹೋಗಬೇಕೆನಿಸಿತು, ತನ್ನ ಲೈನುಗಳೇ ಅಲ್ಲವೇ ಅವು, ಯಾವ ಪಿನ್ನಿಗೆ ಹೋದವೆಂದು ಕೇಳುವ ನೆಪವಿತ್ತು. ಬಾಗಿಲವರೆಗೆ ಹೋದ. ಅಕ್ಕ ತಲೆಯೆತ್ತಿ ಇವನನ್ನು ಕಂಡಳು, ಜೇಡನ ಕಡೆ ತಿರುಗಿ, ಹೊಸ ಪಿನ್ನುಗಳ ನಂಬರು ಅವನಿಗೆ ಕೊಟ್ಟುಬಿಡಿ ಎಂದಳು. ಜೇಡ ಚೀಟಿ ತಂದುಕೊಟ್ಟ. ಇವನು ಅದನ್ನು ತೆಗೆದುಕೊಂಡು ಪ್ರಯೋಗಾಲಯಕ್ಕೆ ಹೋಗಿ, ಸಂಜೆಯವರೆಗೆ ಪ್ರೋಗ್ರಾಮು ತಿದ್ದುತ್ತ ಕೂತ.

ಸಂಜೆ ಗೇಟಿನ ಹತ್ತಿರ ಕಾದ. ದಿನಾ ಒಟ್ಟಿಗೆ ಹೋಗುವವರು, ಇವತ್ತು ಬರುತ್ತಾಳೋ ಇಲ್ಲವೋ ಎಂದುಕೊಳ್ಳುವಷ್ಟರಲ್ಲಿ ಬಂದಳು, ಹಾಳೆಯ ಸುರುಳಿ ಕಂಕುಳಲ್ಲಿ. ನಿಲ್ಲಲಿಲ್ಲ, ಬೇಗನೂ ನಡೆಯಲಿಲ್ಲ. ಅವನು ಪಕ್ಕಕ್ಕೆ ಸೇರಿಕೊಂಡ. ಅಂಗಡಿಗಳು ದೀಪ ಹಾಕುತ್ತಿದ್ದವು, ಅಂಗಡಿಯವನೊಬ್ಬ ಕಾಲುದಾರಿಯ ಮೇಲೆ ನೀರು ಚೆಲ್ಲಿ ಗುಡಿಸುತ್ತಿದ್ದ, ಅಕ್ಕ ಸೀರೆಯ ಅಂಚನ್ನು ಸ್ವಲ್ಪ ಎತ್ತಿಕೊಂಡು ದಾಟಿದಳು. ಬಸ್ ನಿಲ್ದಾಣ ಬರುವವರೆಗೆ ಅವನು ತಲೆಯಲ್ಲಿ ಹತ್ತು ಮಾತು ಹೆಣೆದು ಹತ್ತನ್ನೂ ಬಿಚ್ಚಿದ. ನಿನ್ನ ಒಳ್ಳೆಯದಕ್ಕೇ ಹೇಳಿದೆ ಎನ್ನುವುದು ನಿಜವಾಗಿತ್ತು, ಆದ್ದರಿಂದಲೇ ಹೇಳಲು ನಾಚಿಕೆಯಾಯಿತು. ಅವಳ ಮುಖದಲ್ಲಿ ಸಿಟ್ಟು ಕಂಡಿದ್ದರೆ ಸುಲಭವಾಗುತ್ತಿತ್ತು. ಅಲ್ಲಿದ್ದದ್ದು ಆಯಾಸ, ಮತ್ತೆ ಇವನಿಗೆ ಪರಿಚಯವಿಲ್ಲದ ಒಂದು ದೂರ, ಯಾರೋ ಹೊಸಬರ ಜೊತೆ ಸರದಿಯಲ್ಲಿ ನಿಂತಿರುವವಳ ಹಾಗೆ. ಅವಳೇ ಮೊದಲು ಮಾತಾಡಿದಳು.

"ಅವರೆಲ್ಲರ ಮುಂದೆ ನನ್ನ ಮಾತು ಸುಳ್ಳು ಮಾಡಿದೆ."

"ಹೂಂ."

"ಸರಿಯಾಗೇ ಮಾಡಿದೆ." ಅವಳು ರಸ್ತೆ ನೋಡುತ್ತಿದ್ದಳು. "ಕ್ಲಾಕ್ ನನ್ನ ಹತ್ರ ಉಳೀತು. ಅದು ನನಗೂ ಗೊತ್ತು."

ಅವಳು ಇಷ್ಟು ಹೇಳಿದ ಮೇಲೆ ಉಳಿದದ್ದೂ ಸಿಕ್ಕಂತೆಯೇ ಎಂದು ಅನಿಸಿತು, ಯಾವಾಗಲೂ ಸಿಗುವ ಹಾಗೆ, ಕೇಳುವುದೊಂದೇ ಬಾಕಿ. ಅವಳ ತೋಳು ಮುಟ್ಟಿದ.

"ತಪ್ಪಾಯ್ತು ಅಕ್ಕ. ಮನಸ್ಸಲ್ಲಿ ಇಟ್ಕೋಬೇಡ. ಕ್ಷಮಿಸಿಬಿಡು."

ಅಕ್ಕ ಅವನ ಕಡೆ ತಿರುಗಿದಳು, ಸುರುಳಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಹೇಗೆ ಹೇಳಬೇಕೆಂದು ತಿಳಿಯದವಳಂತೆ ಅವಳ ತುಟಿ ಒಮ್ಮೆ ಅಲುಗಿತು.

"ಇಲ್ಲ," ಎಂದಳು. "ಇವತ್ತು ಆಗಲ್ಲ."

ಹುಟ್ಟಿದಂದಿನಿಂದ ಅವಳ ಬಾಯಲ್ಲಿ ತನಗೆ ಇಲ್ಲ ಎಂಬ ಮಾತನ್ನು ಅವನು ಕೇಳಿರಲಿಲ್ಲ. ನೋವಾಯಿತು, ಚೆನ್ನಾಗಿಯೇ ನೋವಾಯಿತು, ಮುಟ್ಟಿದ್ದ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಸ್ಸು ಬಂತು, ಜನ ಬಾಗಿಲಿಗೆ ನುಗ್ಗಿದರು. ಸರಿ ಅಕ್ಕ ಎಂದ ಅವನು, ಅವಳು ಹತ್ತಲು ದಾರಿ ಬಿಟ್ಟು ಹಿಂದೆ ನಿಂತ. ಮತ್ತೆ ಕೇಳಲಿಲ್ಲ.